ಹಳೇ ಮಾರುತಿ 800ಕ್ಕೆ ಬ್ರೇಕ್ ಬೂಸ್ಟರ್ ಬದಲಾಯಿಸುವುದು: ಬಿಚ್ಚುವ ಮುಂಚೆ ಏನು, ಬಿಗಿದ ಮೇಲೆ ಏನು

ಬ್ರೇಕ್ ಪೆಡಲ್ ಗಟ್ಟಿಯಾಗಿದೆ ಅಂದರೆ ನಮ್ಮ ಕಡೆ ಮೊದಲು ಬದಲಾಗುವುದು ಬ್ರೇಕ್ ಪ್ಯಾಡ್. ಆಮೇಲೆ ಹಿಂದಿನ ಲೈನರ್. ಆಮೇಲೆ ಬ್ರೇಕ್ ಆಯಿಲ್. ಇಷ್ಟೆಲ್ಲಾ ಆದರೂ ಪೆಡಲ್ ಹಾಗೇ ಇದ್ದರೆ, "ಹಳೇ ಗಾಡಿ ಅಲ್ವಾ, ಇಷ್ಟೇ" ಅನ್ನುತ್ತಾರೆ. ನಮ್ಮ ಮನೆಯ 2003ರ ಮಾರುತಿ 800ಕ್ಕೂ ಹೀಗೇ ಆಯಿತು. ಪ್ಯಾಡ್ ಹೊಸದು, ಲೈನರ್ ಹೊಸದು, ಪೆಡಲ್ ಮಾತ್ರ ಕಾಲು ನೋಯುವಷ್ಟು ಗಟ್ಟಿ. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿಬರುವ ಗಾಡಿ ಅದು. ಹದಿನಾಲ್ಕು ಹೇರ್‌ಪಿನ್ ತಿರುವಿನಲ್ಲಿ "ಇಷ್ಟೇ" ಅಂದರೆ ಹೇಗೆ?

ನಾನು ಕಾರ್ ಮೆಕ್ಯಾನಿಕ್ ಅಲ್ಲ. ತೋಟದ ಪಂಪ್‌ಸೆಟ್ ರಿಪೇರಿ ನನ್ನ ಕೆಲಸ. ಸಕ್ಷನ್ ಪೈಪಿನಲ್ಲಿ ಎಲ್ಲಿ ಗಾಳಿ ಎಳೆಯುತ್ತಿದೆ ಅಂತ ಹುಡುಕುವುದೇ ದಿನದ ಅರ್ಧ ಕೆಲಸ. ಹಾಗಾಗಿ ಗಟ್ಟಿ ಪೆಡಲಿಗೆ ಕಾರಣವಾಗಿದ್ದ ಬೂಸ್ಟರ್, ಅಂದರೆ ಎಂಜಿನ್ ಗಾಳಿ ಎಳೆಯುವ ಬಲದಿಂದ ಪೆಡಲ್ ಹಗುರ ಮಾಡುವ ಡಬ್ಬಿ, ಕೈಗೆ ಬಂದಾಗ ಹೊಸದೇನೂ ಅನ್ನಿಸಲಿಲ್ಲ. ಅದನ್ನು ಡ್ರೈವರ್ ಎದುರಿನ ತಗಡಿನ ಗೋಡೆಯಿಂದ ಬಿಚ್ಚಿ ಹಾಕುವುದು ಆರು ನಟ್ಟಿನ ಕೆಲಸ. ನಿಜವಾದ ಕೆಲಸ ಎರಡು. ಕೆಟ್ಟಿದ್ದು ಬೂಸ್ಟರೇ ಹೌದಾ, ಕೆಟ್ಟಿದ್ದಾದರೂ ಯಾಕೆ ಅಂತ ಮೊದಲು ನೋಡುವುದು ಒಂದು. ಹೊಸದರ ತಳ್ಳುವ ಕಡ್ಡಿಯ ಉದ್ದ ಸರಿ ಮಾಡುವುದು ಇನ್ನೊಂದು. ಈ ಎರಡನ್ನು ಬಿಟ್ಟು ಉಳಿದದ್ದನ್ನು ಯಾರು ಬೇಕಾದರೂ ಮಾಡಬಹುದು.

ಮೊದಲು ಬಾನೆಟ್ ಎತ್ತಿ ನೋಡಿ. 800 ಗಾಡಿಗಳಲ್ಲಿ ಕೆಲವಕ್ಕೆ ಬೂಸ್ಟರ್ ಇರಲಿಲ್ಲ. ಡ್ರೈವರ್ ಎದುರಿನ ತಗಡಿನ ಗೋಡೆಗೆ ದುಂಡಗಿನ ಕಪ್ಪು ಡಬ್ಬಿ ಕೂತಿದ್ದು, ಅದರ ಮೂತಿಗೆ ಮಾಸ್ಟರ್ ಸಿಲಿಂಡರ್ (ಬ್ರೇಕ್ ಆಯಿಲನ್ನು ಚಕ್ರಗಳ ಕಡೆಗೆ ಒತ್ತುವ ಪಿಸ್ಟನ್ ಇರುವ ಸಿಲಿಂಡರ್) ಇದ್ದರೆ ಅದೇ ಬೂಸ್ಟರ್. ಮಾಸ್ಟರ್ ಸಿಲಿಂಡರ್ ನೇರವಾಗಿ ಗೋಡೆಗೇ ಕೂತಿದ್ದರೆ ನಿಮ್ಮ ಗಾಡಿಗೆ ಬೂಸ್ಟರ್ ಇಲ್ಲ. ಅಂಥ ಗಾಡಿಯ ವಿಷಯ ಕೊನೆಯಲ್ಲಿ ಸ್ವಲ್ಪ ಹೇಳುತ್ತೇನೆ.

ಡಬ್ಬಿ ಒಳಗೆ ನಡೆಯುವುದೇನು

ಡಬ್ಬಿ ಮಧ್ಯೆ ಒಂದು ರಬ್ಬರ್ ಪರದೆ, ಅದೇ ಡಯಾಫ್ರಮ್. ಅದರ ಮುಂದಿನ ಕೋಣೆಯಿಂದ ಎಂಜಿನ್ ಗಾಳಿ ಎಳೆದುಕೊಳ್ಳುತ್ತದೆ. ಪೆಡಲ್ ಒತ್ತದೆ ಇರುವಾಗ ಹಿಂದಿನ ಕೋಣೆಯಲ್ಲೂ ಅದೇ ವ್ಯಾಕ್ಯೂಮ್, ಅಂದರೆ ಗಾಳಿ ಎಳೆದ ಮೇಲಿನ ಖಾಲಿತನ, ಇರುತ್ತದೆ. ಒತ್ತಿದ ತಕ್ಷಣ ಒಳಗಿನ ವಾಲ್ವ್ ಎರಡೂ ಕೋಣೆಯನ್ನು ಬೇರೆ ಮಾಡಿ, ಹಿಂದಿನ ಕೋಣೆಗೆ ಹೊರಗಿನ ಗಾಳಿ ಬಿಡುತ್ತದೆ. ಹಿಂದೆ ಗಾಳಿಯ ಒತ್ತಡ, ಮುಂದೆ ವ್ಯಾಕ್ಯೂಮ್. ಡಯಾಫ್ರಮ್ ಮುಂದಕ್ಕೆ ಹೋಗಿ ಮಾಸ್ಟರ್ ಸಿಲಿಂಡರನ್ನು ತಳ್ಳುತ್ತದೆ.

ಲೆಕ್ಕ ಹಾಕಿದರೆ ಇದರ ಬಲ ಗೊತ್ತಾಗುತ್ತದೆ. ಏಳು ಇಂಚಿನ ಡಯಾಫ್ರಮ್ ಅಂದರೆ ಸುಮಾರು 248 ಚದರ ಸೆಂಟಿಮೀಟರ್. ಐಡಲ್‌ನಲ್ಲಿ ಎಂಜಿನ್ 450 ಮಿಲಿಮೀಟರ್ ಪಾದರಸದಷ್ಟು ವ್ಯಾಕ್ಯೂಮ್ ಕೊಟ್ಟರೆ, ಒಂದೊಂದು ಚದರ ಸೆಂಟಿಮೀಟರಿಗೆ 600 ಗ್ರಾಮ್ ಲೆಕ್ಕದಲ್ಲಿ 150 ಕೆ.ಜಿ. ಹತ್ತಿರ ತಳ್ಳುತ್ತದೆ. ಡಯಾಫ್ರಮ್ ಹರಿದರೆ ಆ ಕೊರತೆಯನ್ನು ಪೆಡಲಿನ ಮೂಲಕ ನಿಮ್ಮ ಕಾಲೇ ತುಂಬಬೇಕು. ಬ್ರೇಕ್ ಹಿಡಿಯುವುದಿಲ್ಲ ಅಂತಲ್ಲ, ಹಿಡಿಯುತ್ತದೆ. ಆದರೆ ಹಿಡಿಸುವಷ್ಟು ಬಲ ಎಲ್ಲರ ಕಾಲಿನಲ್ಲೂ ಇರುವುದಿಲ್ಲ, ಅದೂ ಗಾಬರಿಯಾದ ಹೊತ್ತಿನಲ್ಲಿ.

ಊರಿನ ಎತ್ತರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಮಂಗಳೂರಿನಲ್ಲಿ ಗಾಳಿಯ ಒತ್ತಡ 760 ಮಿಲಿಮೀಟರ್. ಬೆಂಗಳೂರು 900 ಮೀಟರಿಗಿಂತ ಮೇಲಿರುವುದರಿಂದ ಅಲ್ಲಿ 680ರ ಆಸುಪಾಸು. ಹೊರಗಿನ ಗಾಳಿಯೇ ಕಡಿಮೆಯಾದ್ದರಿಂದ ಅದೇ ಬೂಸ್ಟರ್ ಅಲ್ಲಿ ಸ್ವಲ್ಪ ಕಡಿಮೆ ಬಲ ಕೊಡುತ್ತದೆ. ವ್ಯಾಕ್ಯೂಮ್ ಅಳೆಯುವ ಗೇಜ್ ಹಾಕಿ ನೋಡುವವರು ಪುಸ್ತಕದಲ್ಲಿರುವ ಅಂಕಿ ಬರಲಿಲ್ಲ ಅಂತ ಎಂಜಿನ್ ಬಿಚ್ಚಲು ಹೊರಡಬೇಡಿ.

ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡಿ ಗಾಡಿ ಬಿಡುವವರನ್ನು ಈಗಲೂ ನೋಡುತ್ತೇನೆ. ಎಂಜಿನ್ ನಿಂತ ಮೇಲೆ ಡಬ್ಬಿಯಲ್ಲಿ ಉಳಿದಿರುವುದು ಎರಡು ಮೂರು ಸಲ ಒತ್ತುವಷ್ಟು ವ್ಯಾಕ್ಯೂಮ್ ಮಾತ್ರ. ಸೆಕೆಂಡ್ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯಿರಿ. ಥ್ರಾಟಲ್ ಮುಚ್ಚಿ ಎಂಜಿನ್ ಜೋರಾಗಿ ತಿರುಗುವಾಗಲೇ ವ್ಯಾಕ್ಯೂಮ್ ಎಲ್ಲಕ್ಕಿಂತ ಜಾಸ್ತಿ ಹುಟ್ಟುವುದು. ಗೇರ್ ಗಾಡಿಯನ್ನೂ ಹಿಡಿಯುತ್ತದೆ, ಬೂಸ್ಟರನ್ನೂ ತುಂಬಿಸುತ್ತದೆ.

ಬೂಸ್ಟರೇ ಹೌದಾ ಅಂತ ನೋಡುವುದು

ಇದಕ್ಕೆ ಯಾವ ಸಾಮಾನೂ ಬೇಡ. ಗಾಡಿ ಸಮತಟ್ಟಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ.

ಎಂಜಿನ್ ಆಫ್ ಇರುವಾಗ ಪೆಡಲ್ ಪೂರ್ತಿ ಗಟ್ಟಿಯಾಗುವ ತನಕ ಒತ್ತಿ ಬಿಡಿ, ಒತ್ತಿ ಬಿಡಿ. ಗಟ್ಟಿಯಾದ ಮೇಲೆ ಕಾಲು ತೆಗೆಯದೆ ಹಾಗೇ ಒತ್ತಿ ಹಿಡಿದು ಸ್ಟಾರ್ಟ್ ಮಾಡಿ. ಬೂಸ್ಟರ್ ಚೆನ್ನಾಗಿದ್ದರೆ ಪೆಡಲ್ ಕಾಲಿನ ಕೆಳಗೆ ಸ್ವಲ್ಪ ಇಳಿಯುತ್ತದೆ. ಇಳಿಯದಿದ್ದರೆ ವ್ಯಾಕ್ಯೂಮ್ ಬರುತ್ತಿಲ್ಲ, ಇಲ್ಲವೇ ಬಂದದ್ದು ನಿಲ್ಲುತ್ತಿಲ್ಲ.

ಇನ್ನೊಂದು: ಎಂಜಿನ್ ಒಂದೆರಡು ನಿಮಿಷ ಓಡಿಸಿ ಆಫ್ ಮಾಡಿ. ಈಗ ನಿಧಾನವಾಗಿ ಒತ್ತುತ್ತಾ ಹೋಗಿ. ಮೊದಲ ಸಲ ಕೆಳಗೆ ಹೋಗಬೇಕು, ಎರಡನೇ ಸಲ ಅದಕ್ಕಿಂತ ಮೇಲೆ, ಮೂರನೇ ಸಲ ಇನ್ನೂ ಮೇಲೆ ನಿಲ್ಲಬೇಕು. ಮೊದಲ ಸಲವೇ ಗಟ್ಟಿ ಸಿಕ್ಕರೆ ಡಬ್ಬಿ ಸೋರುತ್ತಿದೆ.

ಮೂರನೆಯದು ಬಹಳ ಜನ ಮಾಡುವುದಿಲ್ಲ. ಎಂಜಿನ್ ಓಡುತ್ತಿರುವಾಗ ಪೆಡಲ್ ಒತ್ತಿ ಹಿಡಿದುಕೊಳ್ಳಿ. ಹಿಡಿದಂತೆಯೇ ಎಂಜಿನ್ ಆಫ್ ಮಾಡಿ ಅರ್ಧ ನಿಮಿಷ ಕಾಯಿರಿ. ಪೆಡಲ್ ಇದ್ದಲ್ಲೇ ಇರಬೇಕು. ನಿಮ್ಮ ಕಾಲನ್ನು ಮೇಲಕ್ಕೆ ತಳ್ಳಿದರೆ ಒತ್ತಿ ಹಿಡಿದಾಗ ಎಲ್ಲೋ ಗಾಳಿ ಒಳಗೆ ನುಗ್ಗುತ್ತಿದೆ. ಇದಕ್ಕೆ ವಿರುದ್ಧವಾಗಿ ಪೆಡಲ್ ನಿಧಾನವಾಗಿ ನೆಲಕ್ಕೆ ಇಳಿಯುತ್ತಾ ಹೋದರೆ ಅದು ಬೂಸ್ಟರ್ ತಪ್ಪಲ್ಲ, ಮಾಸ್ಟರ್ ಸಿಲಿಂಡರ್ ಸೀಲ್ ಹೋಗಿದೆ ಅಥವಾ ಎಲ್ಲೋ ಆಯಿಲ್ ಸೋರುತ್ತಿದೆ. ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಲೈನಿನಲ್ಲಿ ಗಾಳಿ ಇದೆ. ಗಟ್ಟಿ ಪೆಡಲ್ ಬೇರೆ, ಇಳಿಯುವ ಪೆಡಲ್ ಬೇರೆ, ಮೆತ್ತಗಿನ ಪೆಡಲ್ ಬೇರೆ. ಮೂರಕ್ಕೂ "ಬ್ರೇಕ್ ಸರಿ ಇಲ್ಲ" ಅಂತ ಒಂದೇ ಮಾತು ಹೇಳಿ ಗಾಡಿ ಬಿಟ್ಟು ಬಂದರೆ ಗ್ಯಾರೇಜಿನವರಾದರೂ ಏನು ಮಾಡುತ್ತಾರೆ.

ಕಿವಿಗೂ ಸ್ವಲ್ಪ ಕೆಲಸ ಕೊಡಿ. ಪೆಡಲ್ ಒತ್ತುವಾಗ ಒಂದು ಕ್ಷಣ ಸುಯ್ ಅನ್ನುವುದು ಸಹಜ, ಗಾಳಿ ಒಳಗೆ ಹೋಗಲೇಬೇಕು. ಒತ್ತಿ ಹಿಡಿದಿರುವಷ್ಟು ಹೊತ್ತೂ ಸುಯ್ ಅನ್ನುತ್ತಲೇ ಇದ್ದರೆ, ಅದರ ಜೊತೆಗೆ ಎಂಜಿನ್ ಐಡಲ್ ಏರಿಳಿದರೆ, ಡಯಾಫ್ರಮ್ ಅಥವಾ ಒಳಗಿನ ವಾಲ್ವ್ ಹೋಗಿದೆ. ನಮ್ಮ ಗಾಡಿಯಲ್ಲಿ ಎರಡೂ ಇತ್ತು. ಬ್ರೇಕ್ ಒತ್ತಿದರೆ ಎಂಜಿನ್ ನಡುಗುತ್ತಿತ್ತು. ಅದಕ್ಕೆ ಗ್ಯಾರೇಜಿನವರು ಸ್ಪಾರ್ಕ್ ಪ್ಲಗ್ ಬದಲಾಯಿಸಿದ್ದರು.

ಪೈಪು ಮತ್ತು ಚೆಕ್ ವಾಲ್ವ್

ಈ ಪರೀಕ್ಷೆಯಲ್ಲಿ ಫೇಲಾದರೂ ಬೂಸ್ಟರ್ ತರಲು ಹೊರಡಬೇಡಿ. ಇನ್ಟೇಕ್ ಮ್ಯಾನಿಫೋಲ್ಡ್‌ನಿಂದ (ಎಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಯಿಂದ) ಬೂಸ್ಟರಿಗೆ ಬರುವ ದಪ್ಪ ರಬ್ಬರ್ ಪೈಪು ನೋಡಿ. ಎರಡೂ ತುದಿ, ಕ್ಲಿಪ್ ಕಚ್ಚುವ ಜಾಗದಲ್ಲೇ ಸೀಳು ಬಿಡುವುದು. ಬೆರಳಿನಿಂದ ಬಗ್ಗಿಸಿದರೆ ಬಿರುಕು ಕಾಣುತ್ತದೆ. ಪೈಪ್ ಬದಲಾಯಿಸಬೇಕಾದರೆ ಬ್ರೇಕ್ ವ್ಯಾಕ್ಯೂಮಿಗೆಂದೇ ಇರುವ ದಪ್ಪ ಗೋಡೆಯ ಪೈಪೇ ಬೇಕು. ಅಂಗಡಿಯವನು "ಇದೂ ಆಗುತ್ತೆ" ಅಂತ ಕೊಡುವ ತೆಳು ಪೈಪು ಹೊರಗಿನಿಂದ ಹೊಸದಾಗೇ ಕಾಣುತ್ತದೆ. ಎಂಜಿನ್ ಬಿಸಿಗೆ ಮೆತ್ತಗಾಗಿ ವ್ಯಾಕ್ಯೂಮಿಗೆ ಚಪ್ಪಟೆಯಾಗಿ ಒಳಗೇ ಮುಚ್ಚಿಕೊಳ್ಳುತ್ತದೆ.

ಪೈಪಿನ ದಾರಿಯಲ್ಲಿ ಅಥವಾ ಬೂಸ್ಟರ್ ಮೂತಿಯಲ್ಲಿ ಚೆಕ್ ವಾಲ್ವ್ ಇರುತ್ತದೆ. ನಮ್ಮ ಬಾವಿಯ ಪಂಪಿನ ಫುಟ್‌ವಾಲ್ವ್ ಹಾಗೇ ಇದು. ಪಂಪ್ ನಿಂತಾಗ ಪೈಪಿನ ನೀರು ಬಾವಿಗೆ ಇಳಿಯದಂತೆ ಅದು ಹಿಡಿಯುತ್ತದೆ, ಎಂಜಿನ್ ನಿಂತಾಗ ಡಬ್ಬಿಯ ವ್ಯಾಕ್ಯೂಮ್ ಹೋಗದಂತೆ ಇದು ಹಿಡಿಯುತ್ತದೆ. ಬಿಚ್ಚಿ ಬಾಯಲ್ಲಿ ಊದಿ ನೋಡಿ. ಬೂಸ್ಟರ್ ಕಡೆಯಿಂದ ಊದಿದರೆ ಗಾಳಿ ಹೋಗಬೇಕು. ಎಂಜಿನ್ ಕಡೆಯಿಂದ ಊದಿದರೆ ಹೋಗಬಾರದು. ಎರಡೂ ಕಡೆ ಹೋದರೆ ಅಥವಾ ಎರಡೂ ಕಡೆ ಹೋಗದಿದ್ದರೆ ಬದಲಾಯಿಸಿ. ಅದು ಕೂರುವ ರಬ್ಬರ್ ಗ್ರೋಮೆಟ್ ಒಣಗಿ ಸಡಿಲವಾಗಿದ್ದರೆ ಅದನ್ನೂ. ಈ ಎರಡು ಸಣ್ಣ ಸಾಮಾನು ಹಾಕಿದ್ದಕ್ಕೇ ಗಟ್ಟಿ ಪೆಡಲ್ ಸರಿಹೋದ ಗಾಡಿಗಳಿವೆ.

ಡೀಸೆಲ್ ಗಾಡಿಯವರಿಗೆ ಒಂದು ಮಾತು. ಡೀಸೆಲ್ ಎಂಜಿನ್ ಮ್ಯಾನಿಫೋಲ್ಡ್‌ನಲ್ಲಿ ಬೂಸ್ಟರಿಗೆ ಸಾಲುವಷ್ಟು ವ್ಯಾಕ್ಯೂಮ್ ಇರುವುದಿಲ್ಲ, ಬೇರೆ ವ್ಯಾಕ್ಯೂಮ್ ಪಂಪ್ ಇರುತ್ತದೆ. ಹಳೇ ಟಾಟಾ ಇಂಡಿಕಾದಲ್ಲಿ ಆಲ್ಟರ್ನೇಟರ್ ಹಿಂಭಾಗದಲ್ಲೇ ಅದು ಕೂತಿದೆ. ಮೊದಲು ಅದನ್ನು ನೋಡಿ.

ಯಾಕೆ ಕೆಟ್ಟಿತು

ಬೂಸ್ಟರ್ ವಯಸ್ಸಾಗಿ ಸಾಯುವುದುಂಟು. ನಮ್ಮ ಮಲೆನಾಡಿನಲ್ಲಿ ಡಬ್ಬಿಯ ಸುತ್ತಲಿನ ಮಡಿಕೆಯಲ್ಲಿ ನೀರು ನಿಂತು ತುಕ್ಕು ಹಿಡಿದು ತೂತಾಗುವುದೂ ಉಂಟು. ಆದರೆ ಜಾಸ್ತಿ ಬೂಸ್ಟರುಗಳನ್ನು ಕೊಲ್ಲುವುದು ಪಕ್ಕದಲ್ಲೇ ಕೂತ ಮಾಸ್ಟರ್ ಸಿಲಿಂಡರ್. ಅದರ ಹಿಂದಿನ ಸೀಲ್ ಸವೆದರೆ ಬ್ರೇಕ್ ಆಯಿಲ್ ಹೊರಗೆ ಬೀಳುವುದಿಲ್ಲ, ಬೂಸ್ಟರ್ ಒಳಗೆ ಇಳಿಯುತ್ತದೆ. ನೆಲದ ಮೇಲೆ ಒಂದು ಹನಿ ಕಾಣುವುದಿಲ್ಲ. ಬ್ರೇಕ್ ಆಯಿಲ್ ಟ್ಯಾಂಕಿನ ಮಟ್ಟ ಮಾತ್ರ ಸುಮ್ನೆ ಇಳಿಯುತ್ತಿರುತ್ತದೆ, ನಾವು ತುಂಬಿಸುತ್ತಿರುತ್ತೇವೆ. ಒಳಗೆ ಡಯಾಫ್ರಮ್ ಆ ಆಯಿಲಿನಲ್ಲಿ ನೆನೆದು ಉಬ್ಬಿ ಹಾಳಾಗುತ್ತದೆ.

ಮಾಸ್ಟರ್ ಸಿಲಿಂಡರ್ ಬೂಸ್ಟರಿಗೆ ಸೇರುವ ಜಾಗದ ಕೆಳಗೆ ಬಿಳಿ ಪೇಪರ್ ಒರೆಸಿ ನೋಡಿ. ಒದ್ದೆಯಿದ್ದರೆ, ಅಲ್ಲಿ ಡಬ್ಬಿಯ ಪೇಂಟ್ ಸಿಪ್ಪೆ ಎದ್ದಿದ್ದರೆ, ಉತ್ತರ ಸಿಕ್ಕಿತು. ಆಗ ಬೂಸ್ಟರ್ ಜೊತೆಗೆ ಮಾಸ್ಟರ್ ಸಿಲಿಂಡರನ್ನೂ ಬದಲಾಯಿಸಿ. ಬರೀ ಬೂಸ್ಟರ್ ಹಾಕಿದರೆ ಹೊಸ ಡಯಾಫ್ರಮಿಗೂ ಅದೇ ಗತಿ. ಸೀಲ್ ಕಿಟ್ ಹಾಕಬಹುದಲ್ಲಾ ಅಂತ ಕೇಳಬಹುದು. ಸಿಲಿಂಡರ್ ಒಳಗೋಡೆಯಲ್ಲಿ ಉಗುರಿಗೆ ಸಿಗುವ ಗೀರು ಅಥವಾ ತುಕ್ಕಿನ ಗುಳಿ ಇದ್ದರೆ ಹೊಸ ಸೀಲನ್ನು ಅದೇ ಗೀರು ತಿನ್ನುತ್ತದೆ. ಪಂಪಿನ ಗ್ಲ್ಯಾಂಡಿನಲ್ಲಿ ಇದನ್ನು ಬೇಕಾದಷ್ಟು ನೋಡಿದ್ದೇನೆ. ಇಪ್ಪತ್ತು ವರ್ಷದ ಸಿಲಿಂಡರಿಗೆ ನಾನಂತೂ ಕಿಟ್ ಹಾಕುವುದಿಲ್ಲ.

ಸಾಮಾನು ತರುವುದು

ಬೆಂಗಳೂರಿಗೆ ಹೋಗುವವರಿದ್ದರೆ ಜೆ.ಸಿ. ರೋಡಿನಲ್ಲಿ ಹೊಸದು ಸಿಗುತ್ತದೆ. ಹಳೇದನ್ನು ಬಿಚ್ಚಿ ಕೈಯಲ್ಲಿ ಹಿಡಿದು ಹೋಗುವುದೇ ಒಳ್ಳೆಯದು. ಡಬ್ಬಿ ಅಳತೆ ಒಂದೇ ಇದ್ದರೂ ಮುಂದಿನ ಎರಡು ಸ್ಟಡ್ ನಡುವಿನ ಅಂತರ, ಹಿಂದಿನ ನಾಲ್ಕು ಸ್ಟಡ್, ಪೆಡಲ್ ಕಡೆಯ ಕಡ್ಡಿಯ ಉದ್ದ, ವ್ಯಾಕ್ಯೂಮ್ ಮೂತಿ ಯಾವ ಕಡೆಗಿದೆ, ಇಷ್ಟೂ ಹೊಂದಬೇಕು. ಕಂಪನಿಯ ಜೆನ್ಯೂನ್ ಪಾರ್ಟ್ ಅಥವಾ ಬ್ರೇಕ್ ಸಾಮಾನನ್ನೇ ಮಾಡುವ ಹೆಸರುಳ್ಳ ಕಂಪನಿಯ ಮಾಲು ತಗೊಳ್ಳಿ. ಡಬ್ಬದ ಮೇಲಿನ ಪಾರ್ಟ್ ನಂಬರನ್ನು ನಿಮ್ಮ ಗಾಡಿಯ ವರ್ಷಕ್ಕೆ ಹೊಂದಿಸಿ ನೋಡಿ.

ಶಿವಾಜಿನಗರದ ಗುಜರಿಯಲ್ಲಿ ಹಳೇ ಬೂಸ್ಟರ್ ಅಗ್ಗಕ್ಕೆ ಸಿಗುತ್ತದೆ. ಬಾಗಿಲು, ಲೈಟು, ಸೀಟು ಅಲ್ಲಿ ನಾನೂ ತಂದಿದ್ದೇನೆ. ಬೂಸ್ಟರ್ ಮಾತ್ರ ತರುವುದಿಲ್ಲ. ನಿಮ್ಮದರಷ್ಟೇ ವಯಸ್ಸಿನ ರಬ್ಬರನ್ನು ದುಡ್ಡು ಕೊಟ್ಟು ತಂದ ಹಾಗಾಯಿತು. ತಂದೇ ತರುತ್ತೇನೆ ಅನ್ನುವವರು ಮೂತಿಯೊಳಗೆ ಬೆರಳು ಹಾಕಿ ನೋಡಿ. ಒದ್ದೆ ಹತ್ತಿದರೆ ಅಲ್ಲೇ ಬಿಟ್ಟು ಬನ್ನಿ.

ಬ್ರೇಕ್ ಆಯಿಲ್ ಟ್ಯಾಂಕಿನ ಮುಚ್ಚಳದ ಮೇಲೆ ಯಾವುದು ಅಂತ ಬರೆದಿರುತ್ತದೆ. 800ಕ್ಕೆ ಡಾಟ್ 3. ಡಾಟ್ 4 ಹಾಕಿದರೂ ನಡೆಯುತ್ತದೆ, ಅದರ ಕುದಿಯುವ ಬಿಂದು ಜಾಸ್ತಿ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ತಡೆಯಬೇಕು, ಡಾಟ್ 4 ಕನಿಷ್ಠ 230. ಎರಡೂ ಗಾಳಿಯ ತೇವ ಹೀರುತ್ತವೆ. ಆದ್ದರಿಂದ ಮಳೆಗಾಲದಿಂದ ಅರ್ಧ ಉಳಿದ ಡಬ್ಬಿ ಬಳಸಬೇಡಿ, ಸೀಲ್ ಒಡೆಯದ ಹೊಸದೇ ಬೇಕು. ಡಾಟ್ 5 ಅನ್ನುವುದು ಸಿಲಿಕೋನ್, ಅದನ್ನು ಇದರ ಜೊತೆ ಸೇರಿಸಬಾರದು.

ಉಳಿದಂತೆ 12ರ ಬಾಕ್ಸ್ ಸ್ಪ್ಯಾನರ್, ಉದ್ದನೆಯ ಎಕ್ಸ್‌ಟೆನ್ಷನ್, 10ರ ಫ್ಲೇರ್ ನಟ್ ಸ್ಪ್ಯಾನರ್, ಅಳತೆಗೆ ವರ್ನಿಯರ್, ಬ್ಲೀಡ್ ಮಾಡಲು, ಅಂದರೆ ಬ್ರೇಕ್ ಲೈನಿನ ಗಾಳಿ ತೆಗೆಯಲು, ಪಾರದರ್ಶಕ ಪೈಪು. ಫ್ಲೇರ್ ನಟ್ ಸ್ಪ್ಯಾನರ್ ಇಲ್ಲದೆ ಬ್ರೇಕ್ ಪೈಪಿನ ನಟ್ಟಿಗೆ ಕೈ ಹಾಕಬೇಡಿ. ಸಾದಾ ಸ್ಪ್ಯಾನರ್ ಎರಡೇ ಮುಖ ಹಿಡಿಯುತ್ತದೆ. ಮೆತ್ತಗಿನ ನಟ್ಟು ದುಂಡಗಾದರೆ ಪೈಪನ್ನೇ ಬದಲಾಯಿಸುವ ಕೆಲಸ ಬೀಳುತ್ತದೆ.

ಬಿಚ್ಚುವುದು

ಹಿಂದಿನ ರಾತ್ರಿಯೇ ಪೈಪ್ ನಟ್ಟುಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬೆಳಿಗ್ಗೆ ಬ್ಯಾಟರಿ ನೆಗೆಟಿವ್ ತೆಗೆಯಿರಿ. ಪೆಡಲನ್ನು ಹಲವು ಸಲ ಒತ್ತಿ ವ್ಯಾಕ್ಯೂಮ್ ಖಾಲಿ ಮಾಡಿ. ಆಮೇಲೆ ವ್ಯಾಕ್ಯೂಮ್ ಪೈಪನ್ನು ಮೂತಿಯಿಂದ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಎಳೆಯಿರಿ.

ಟ್ಯಾಂಕಿನ ಆಯಿಲನ್ನು ಸಿರಿಂಜಿನಲ್ಲಿ ಎಳೆದು ತೆಗೆಯಿರಿ. ಪೇಂಟಿನ ಮೇಲೆ ಬಿದ್ದರೆ ಒರೆಸಿದರೆ ಸಾಲದು, ತಕ್ಷಣ ನೀರು ಹಾಕಿ ತೊಳೆಯಬೇಕು. ಲೆವೆಲ್ ಸ್ವಿಚ್ ವೈರಿದ್ದರೆ ಬಿಚ್ಚಿ. ಪೈಪಿನ ನಟ್ಟು ಸಡಿಲಿಸಿ. ಬಿಚ್ಚಿದ ತುದಿಗೆ ಬ್ಲೀಡರ್ ನಿಪ್ಪಲ್ಲಿನ ರಬ್ಬರ್ ಟೋಪಿ ಹಾಕಿ, ಕಸ ಹೋಗಬಾರದು. ಮಾಸ್ಟರ್ ಸಿಲಿಂಡರಿನ ಎರಡು ನಟ್ಟು ತೆಗೆದು ನೇರವಾಗಿ ಮುಂದಕ್ಕೆ ಎಳೆಯಿರಿ. ನಡುವಿನ ಗ್ಯಾಸ್ಕೆಟ್ ಅಥವಾ ಓ-ರಿಂಗ್ ಎತ್ತಿಟ್ಟುಕೊಳ್ಳಿ. ಹಾಕುವಾಗ ಹೊಸದು ಹಾಕುತ್ತೀರಿ, ಆದರೆ ಹಳೇದರ ದಪ್ಪ ನೋಡಲು ಬೇಕು.

ಪೈಪ್ ಬಿಚ್ಚದೆ ಮಾಸ್ಟರ್ ಸಿಲಿಂಡರನ್ನು ಪಕ್ಕಕ್ಕೆ ಸರಿಸಿ ಬೂಸ್ಟರ್ ತೆಗೆದರೆ ಬ್ಲೀಡ್ ಮಾಡುವ ಕೆಲಸ ಉಳಿಯುತ್ತದೆ ಅನ್ನುವವರಿದ್ದಾರೆ. ಜಾಗವಿರುವ ಗಾಡಿಯಲ್ಲಿ ಸರಿ. ಹಳೇ ಗಾಡಿಯ ತುಕ್ಕು ಹಿಡಿದ ಸ್ಟೀಲ್ ಪೈಪನ್ನು ಬಗ್ಗಿಸುವುದು ನನಗೆ ಇಷ್ಟವಿಲ್ಲ.

ಇನ್ನು ಒಳಗಿನ ಕೆಲಸ. ಡ್ರೈವರ್ ಸೀಟು ಪೂರ್ತಿ ಹಿಂದಕ್ಕೆ ತಳ್ಳಿ, ಬೆನ್ನ ಮೇಲೆ ಮಲಗಿ ತಲೆಯನ್ನು ಪೆಡಲ್ ಕೆಳಗೆ ಹಾಕಬೇಕು. ಎತ್ತರದವರಿಗೆ ಕಷ್ಟ. ಟಾರ್ಚ್ ಹಿಡಿಯಲು ಮನೆಯ ಹುಡುಗರನ್ನು ಕರೆಯಿರಿ. ಬೂಸ್ಟರಿನ ಕಡ್ಡಿ ಪೆಡಲಿಗೆ ಒಂದು ಪಿನ್ನಿನಿಂದ ಸೇರಿರುತ್ತದೆ, ಪಿನ್ನಿಗೆ ಕ್ಲಿಪ್. ಈ ಕ್ಲಿಪ್ ಹಾರಿ ಕಾರ್ಪೆಟ್ ಅಡಿಗೆ ಹೋಗುವುದರಲ್ಲಿ ಬಹಳ ಹುಷಾರು. ಕೆಳಗೆ ಬಿಳಿ ಬಟ್ಟೆ ಹಾಸಿ ತೆಗೆಯಿರಿ. ಪಿನ್ ಎಳೆದ ಮೇಲೆ ಗೋಡೆಯ ನಾಲ್ಕು ನಟ್ಟು. ಮೇಲಿನೆರಡಕ್ಕೆ ಕಣ್ಣು ಹೋಗುವುದಿಲ್ಲ, ಬೆರಳಲ್ಲೇ ಹುಡುಕಬೇಕು. ನಾಲ್ಕೂ ಬಂದ ಮೇಲೆ ಬಾನೆಟ್ ಕಡೆಯಿಂದ ಬೂಸ್ಟರನ್ನು ನೇರವಾಗಿ ಮುಂದಕ್ಕೆ ಎಳೆದು ಮೇಲಕ್ಕೆತ್ತಿ.

ಗೋಡೆಯಲ್ಲಿ ಆಯಿಲ್ ಬಿದ್ದು ಪೇಂಟ್ ಹೋಗಿದ್ದರೆ ಇದೇ ಸಮಯ. ಸೋಪು ನೀರಲ್ಲಿ ತೊಳೆದು, ಒಣಗಿಸಿ, ತುಕ್ಕು ಉಜ್ಜಿ ಪ್ರೈಮರ್ ಹೊಡೆಯಿರಿ. ಮುಂದಿನ ಮಳೆಗಾಲಕ್ಕೆ ಬಿಟ್ಟರೆ ತೂತಾಗಿರುತ್ತದೆ.

ಕಡ್ಡಿಯ ಉದ್ದ

ಇಲ್ಲಿ ಆತುರ ಮಾಡಬೇಡಿ. ಬೂಸ್ಟರಿಗೆ ಎರಡು ಕಡ್ಡಿ. ಹಿಂದಿನದು ಪೆಡಲಿಗೆ, ಮುಂದಿನದು ಮಾಸ್ಟರ್ ಸಿಲಿಂಡರಿಗೆ.

ಹಿಂದಿನದು ಸುಲಭ. ಹಳೇ ಬೂಸ್ಟರಿನಲ್ಲಿ ಗೋಡೆಗೆ ಕೂರುವ ಮುಖದಿಂದ ಪಿನ್ ತೂತಿನ ಮಧ್ಯದವರೆಗೆ ಅಳೆಯಿರಿ. ಹೊಸದರ ಕ್ಲೆವಿಸ್ (ಪಿನ್ ಕೂರುವ ಕವಲಿನ ತುದಿ) ತಿರುಗಿಸಿ ಅದೇ ಅಳತೆಗೆ ತಂದು ಲಾಕ್ ನಟ್ಟು ಬಿಗಿಯಿರಿ. ಹಾಕಿದ ಮೇಲೆ ಪೆಡಲಿನಲ್ಲಿ ಒಂದರಿಂದ ಎಂಟು ಮಿಲಿಮೀಟರ್ ಆಟ ಇರಬೇಕು. ಆಟವೇ ಇಲ್ಲದಿದ್ದರೆ ಕಡ್ಡಿ ಸದಾ ಸ್ವಲ್ಪ ಒತ್ತಿಕೊಂಡೇ ಇರುತ್ತದೆ.

ಮುಂದಿನದೇ ಗೋಳು. ಈ ಕಡ್ಡಿಯ ತುದಿ ಮಾಸ್ಟರ್ ಸಿಲಿಂಡರ್ ಪಿಸ್ಟನ್ನಿನ ಗುಳಿಯೊಳಗೆ ಹೋಗಿ ನಿಲ್ಲುತ್ತದೆ. ಕಡ್ಡಿ ಉದ್ದವಾದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಆಗ ಟ್ಯಾಂಕಿಗೆ ಆಯಿಲ್ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿಕೊಂಡಿರುತ್ತದೆ. ಮನೆ ಮುಂದೆ ಓಡಿಸಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹತ್ತು ಕಿಲೋಮೀಟರ್ ಹೋಗುವಾಗ ಬ್ರೇಕ್ ಬಿಸಿಯಾಗಿ, ಆಯಿಲ್ ಹಿಗ್ಗಿ, ಹೋಗಲು ದಾರಿಯಿಲ್ಲದೆ ಪ್ಯಾಡನ್ನೇ ಒತ್ತುತ್ತದೆ. ಅದರಿಂದ ಇನ್ನೂ ಬಿಸಿ. ಕೊನೆಗೆ ಚಕ್ರ ಹಿಡಿದುಕೊಂಡು ಹೊಗೆ ಬರುತ್ತದೆ. ಕಡ್ಡಿ ಗಿಡ್ಡವಾದರೆ ಅಷ್ಟು ಅಪಾಯವಿಲ್ಲ, ಪೆಡಲ್ ಜಾಸ್ತಿ ಇಳಿದ ಮೇಲೆ ಬ್ರೇಕ್ ಹಿಡಿಯುತ್ತದೆ. ಹೊಸ ಬೂಸ್ಟರ್ ಫ್ಯಾಕ್ಟರಿಯಲ್ಲೇ ಸೆಟ್ ಆಗಿ ಬಂದಿದೆ ಅಂತ ಅಂಗಡಿಯವನು ಹೇಳುತ್ತಾನೆ. ಇರಬಹುದು. ಅಳೆಯದೆ ಹಾಕಬೇಡಿ.

ಸರ್ವಿಸ್ ಸೆಂಟರಿನಲ್ಲಿ ಇದಕ್ಕೆ ಗೇಜ್ ಇರುತ್ತದೆ. ಮನೆಯಲ್ಲಿ ವರ್ನಿಯರ್ ಸಾಕು. ಮಾಸ್ಟರ್ ಸಿಲಿಂಡರಿನ ಫ್ಲ್ಯಾಂಜ್ ಮುಖದಿಂದ (ಬೂಸ್ಟರಿಗೆ ಕೂರುವ ಮುಖ) ಪಿಸ್ಟನ್ ಗುಳಿಯ ತಳದವರೆಗೆ ಆಳ ಅಳೆಯಿರಿ. ಬೂಸ್ಟರಿನ ಮುಖದಿಂದ ಕಡ್ಡಿ ಎಷ್ಟು ಹೊರಗಿದೆ ಅಳೆಯಿರಿ. ನಡುವೆ ಗ್ಯಾಸ್ಕೆಟ್ ಇದ್ದರೆ ಅದರ ದಪ್ಪವನ್ನು ಆಳಕ್ಕೆ ಸೇರಿಸಿ. ಕಡ್ಡಿ ಆಳಕ್ಕಿಂತ ಕೂದಲೆಳೆಯಷ್ಟು ಗಿಡ್ಡ ಇರಬೇಕು. ನಾನು ಸೊನ್ನೆಗೂ ಅರ್ಧ ಮಿಲಿಮೀಟರಿಗೂ ನಡುವೆ ಇಡುತ್ತೇನೆ.

ಅಳತೆ ಮೇಲೆ ನಂಬಿಕೆ ಸಾಲದಿದ್ದರೆ ಮಕ್ಕಳ ಪ್ಲಾಸ್ಟಿಸಿನ್ ತಗೊಳ್ಳಿ. ಬಟಾಣಿಯಷ್ಟು ಉಂಡೆಯನ್ನು ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಪಿಸ್ಟನ್ನಿನ ಗುಳಿಯಲ್ಲಿಡಿ. ಮಾಸ್ಟರ್ ಸಿಲಿಂಡರನ್ನು ಬೂಸ್ಟರಿಗೆ ಕೂರಿಸಿ ಎರಡೂ ನಟ್ಟು ಬಿಗಿದು ಮತ್ತೆ ಬಿಚ್ಚಿ. ಕಡ್ಡಿ ಒತ್ತಿದ ಜಾಗದಲ್ಲಿ ಉಂಡೆ ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ಸಂದು. ಪೂರ್ತಿ ಹರಿದು ತಳ ಕಂಡರೆ ಕಡ್ಡಿ ಉದ್ದ. ಕಡ್ಡಿಯ ತುದಿಯಲ್ಲಿ ತಿರುಗಿಸುವ ಸಣ್ಣ ತಲೆಯಿದೆ. ಕಡ್ಡಿಯನ್ನು ಪ್ಲೈಯರಿನಲ್ಲಿ ಅಲುಗದಂತೆ ಹಿಡಿದು ಅದನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ನೋಡಿ. ಆಮೇಲೆ ಪ್ಲಾಸ್ಟಿಸಿನ್ ಒಂದು ಚೂರೂ ಉಳಿಯದಂತೆ ತೆಗೆಯಿರಿ.

ಈ ಕಡ್ಡಿಯನ್ನು ಯಾವ ಕಾರಣಕ್ಕೂ ಹೊರಗೆ ಎಳೆಯಬೇಡಿ. ಅದರ ಬುಡದಲ್ಲಿ ರಿಯಾಕ್ಷನ್ ಡಿಸ್ಕ್ ಅನ್ನುವ ಸಣ್ಣ ರಬ್ಬರ್ ಬಿಲ್ಲೆ ಇದೆ. ನೀವು ಎಷ್ಟು ಜೋರಾಗಿ ಒತ್ತಿದ್ದೀರಿ ಅನ್ನುವುದನ್ನು ಕಾಲಿಗೆ ತಿಳಿಸುವುದೇ ಅದು. ಕಡ್ಡಿ ಎಳೆದರೆ ಬಿಲ್ಲೆ ಡಬ್ಬಿಯೊಳಗೆ ಬೀಳುತ್ತದೆ. ಆಮೇಲೆ ಬ್ರೇಕ್ ಮುಟ್ಟಿದರೆ ಸಾಕು, ಗಬಕ್ಕನೆ ಹಿಡಿಯುತ್ತದೆ.

ಹಾಕುವುದು, ಗಾಳಿ ತೆಗೆಯುವುದು

ಹಾಕುವುದು ಬಿಚ್ಚಿದ್ದರ ಉಲ್ಟಾ. 12ರ ನಟ್ಟುಗಳಿಗೆಲ್ಲ ಸುಮಾರು 13 ನ್ಯೂಟನ್ ಮೀಟರ್, ಬ್ರೇಕ್ ಪೈಪಿನ ನಟ್ಟಿಗೆ ಸುಮಾರು 16. ಟಾರ್ಕ್ ರೆಂಚ್ ಇಲ್ಲದವರಿಗೆ ಹೇಳುವುದಾದರೆ, ಇವು ಯಾವುವೂ ಮೈಭಾರ ಹಾಕಿ ಬಿಗಿಯುವ ನಟ್ಟಲ್ಲ. ಪೈಪಿನ ನಟ್ಟನ್ನು ಮೊದಲು ಬೆರಳಲ್ಲೇ ಮೂರು ನಾಲ್ಕು ಸುತ್ತು ಹತ್ತಿಸಿ. ಥ್ರೆಡ್ ಅಡ್ಡ ಬಿದ್ದರೆ ಹೊಸ ಸಿಲಿಂಡರ್ ಹೋದಂತೆ. ಪೆಡಲ್ ಪಿನ್ನಿಗೆ ಚೂರು ಗ್ರೀಸ್, ಕ್ಲಿಪ್ ಹೊಸದು.

ಹೊಸ ಮಾಸ್ಟರ್ ಸಿಲಿಂಡರನ್ನು ಗಾಡಿಗೆ ಹಾಕುವ ಮುಂಚೆಯೇ ವೈಸ್‌ನಲ್ಲಿ ಹಿಡಿದು, ಆಯಿಲ್ ತುಂಬಿಸಿ, ಮೂತಿಗಳಿಂದ ಟ್ಯಾಂಕಿಗೆ ಪೈಪ್ ಕೊಟ್ಟು ಪಿಸ್ಟನ್ ನಿಧಾನವಾಗಿ ಒತ್ತಿ ಗುಳ್ಳೆ ತೆಗೆಯಿರಿ. ಆಮೇಲೆ ಚಕ್ರಗಳ ಬ್ಲೀಡಿಂಗ್. ಬಲಗಡೆ ಸ್ಟೀರಿಂಗಿನ ಗಾಡಿಯಲ್ಲಿ ದೂರದ ಚಕ್ರ ಅಂದರೆ ಎಡ ಹಿಂದಿನದು, ಅಲ್ಲಿಂದ ಶುರು. ಟ್ಯಾಂಕ್ ಖಾಲಿಯಾಗದಂತೆ ಒಬ್ಬರು ನೋಡುತ್ತಿರಬೇಕು. ಇದನ್ನು ಎಲ್ಲರೂ ಬಲ್ಲರು, ಜಾಸ್ತಿ ಹೇಳುವುದಿಲ್ಲ. ಬಂದ ಹಳೇ ಆಯಿಲನ್ನು ತೋಟದ ಕಾಲುವೆಗೆ ಚೆಲ್ಲಬೇಡಿ.

ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆ ಒಂದು ಪರೀಕ್ಷೆ. ಟ್ಯಾಂಕಿನ ಮುಚ್ಚಳ ತೆಗೆದು, ಕಣ್ಣಿಗೆ ಕನ್ನಡಕ ಹಾಕಿ ನೋಡುತ್ತಿರಿ. ಇನ್ನೊಬ್ಬರು ಪೆಡಲನ್ನು ಮೆಲ್ಲಗೆ ಮುಟ್ಟಲಿ. ಆಯಿಲಿನ ಮೇಲೆ ಪುಟ್ಟ ಚಿಲುಮೆಯೋ ಅಲುಗಾಟವೋ ಕಂಡರೆ ಆ ಸಣ್ಣ ತೂತು ತೆರೆದಿದೆ, ಕಡ್ಡಿ ಉದ್ದವಾಗಿಲ್ಲ. ಬ್ರೇಕ್ ಲೈಟು ಪೆಡಲ್ ಬಿಟ್ಟಾಗ ಆರುತ್ತದಾ ಅಂತಲೂ ನೋಡಿ. ಪೆಡಲಿನ ಎತ್ತರ ಚೂರು ಬದಲಾದರೆ ಸ್ವಿಚ್ ಮತ್ತೆ ಸೆಟ್ ಮಾಡಬೇಕಾಗುತ್ತದೆ.

ಆಮೇಲೆ ಮೊದಲಿನ ಮೂರು ಪರೀಕ್ಷೆ ಮತ್ತೊಮ್ಮೆ. ಪಾಸಾದರೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ಹತ್ತು ಹದಿನೈದು ಕಿಲೋಮೀಟರ್ ಹೋಗಿ. ದಾರಿಯಲ್ಲಿ ಸಮತಟ್ಟು ಜಾಗದಲ್ಲಿ ನ್ಯೂಟ್ರಲ್ ಮಾಡಿದರೆ ಗಾಡಿ ಸಲೀಸಾಗಿ ಉರುಳಬೇಕು. ನಿಲ್ಲಿಸಿ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಮುಂದಿನವೆರಡು ಒಲೆಯಂತೆ ಕಾದು ಗಾಡಿ ಎಳೆಯದಿದ್ದರೆ, ಮಾಸ್ಟರ್ ಸಿಲಿಂಡರಿನ ಎರಡು ನಟ್ಟನ್ನು ಎರಡು ಸುತ್ತು ಸಡಿಲಿಸಿ. ಅಷ್ಟಕ್ಕೇ ಚಕ್ರ ಬಿಟ್ಟರೆ ಕಡ್ಡಿ ಉದ್ದ ಅಂತ ಖಾತ್ರಿ. ಅಲ್ಲೇ ಬಿಗಿದು, ನಿಧಾನಕ್ಕೆ ಮನೆಗೆ ಬಂದು ಕಡ್ಡಿ ಸರಿ ಮಾಡಿ. ಘಾಟಿಗೆ ಇಳಿಯುವುದು ಇದೆಲ್ಲ ಸರಿಯಾದ ಮೇಲೆ.

ಬೂಸ್ಟರ್ ಇಲ್ಲದ ಗಾಡಿಗೆ

ಹಳೇ ಪ್ರೀಮಿಯರ್ ಪದ್ಮಿನಿ ಕಾರು, ಬೂಸ್ಟರ್ ಇಲ್ಲದ 800 ಇಟ್ಟುಕೊಂಡವರು "ನಮಗೂ ಒಂದು ಹಾಕಬಹುದಾ" ಅಂತ ಕೇಳುತ್ತಾರೆ. ಗೋಡೆಯಲ್ಲಿ ಜಾಗವಿಲ್ಲದಿದ್ದರೆ ಬೇರೆ ಕಡೆ ಕೂರಿಸಿ ಪೈಪಿನ ಮಧ್ಯೆ ಸೇರಿಸುವ ರಿಮೋಟ್ ಬೂಸ್ಟರ್ ಕೂಡ ಇದೆ, ಹಳೇ ಬ್ರಿಟಿಷ್ ಕಾರುಗಳಲ್ಲಿ ಗರ್ಲಿಂಗ್, ಲಾಕ್‌ಹೀಡ್ ಕಂಪನಿಗಳದ್ದು ಇರುತ್ತಿತ್ತು. ತೊಡಕು ಇರುವುದು ಪೆಡಲಿನಲ್ಲಿ. ಬೂಸ್ಟರ್ ಇಲ್ಲದ ಗಾಡಿಯ ಪೆಡಲ್ ನಿಮ್ಮ ಕಾಲಿನ ಬಲವನ್ನು ಐದು ಆರು ಪಟ್ಟು ಮಾಡುವಂತೆ ಉದ್ದದ ಸನ್ನೆಯಾಗಿ ಮಾಡಿರುತ್ತಾರೆ. ಬೂಸ್ಟರ್ ಇರುವುದರಲ್ಲಿ ನಾಲ್ಕರ ಆಸುಪಾಸು ಸಾಕು. ಆರರ ಪೆಡಲಿಗೆ ಬೂಸ್ಟರ್ ಸೇರಿಸಿದರೆ ಒದ್ದೆ ರಸ್ತೆಯಲ್ಲಿ ಚಕ್ರ ಲಾಕ್ ಆಗುತ್ತದೆ. ಮಾಡುವುದಾದರೆ ಅದೇ ಮಾಡೆಲ್ಲಿನ ಬೂಸ್ಟರ್ ಇರುವ ಗಾಡಿಯಿಂದ ಪೆಡಲ್, ಬ್ರಾಕೆಟ್, ಮಾಸ್ಟರ್ ಸಿಲಿಂಡರ್ ಪೂರ್ತಿ ಸೆಟ್ ತನ್ನಿ, ರಬ್ಬರ್ ಇರುವುದನ್ನೆಲ್ಲ ಹೊಸದು ಹಾಕಿ. ಪದ್ಮಿನಿಯವರಿಗೆ ನನ್ನ ಸಲಹೆ ಬೇರೆ: ಡ್ರಮ್ಮು ಬಿಚ್ಚಿ, ಲೈನರ್ ಅಡ್ಜಸ್ಟ್ ಮಾಡಿ, ವ್ಹೀಲ್ ಸಿಲಿಂಡರ್ ನೋಡಿಸಿ. ಮುಕ್ಕಾಲು ಪಾಲು ಅಷ್ಟಕ್ಕೇ ಸರಿಹೋಗುತ್ತದೆ.

ತೆಗೆದ ಹಳೇ ಬೂಸ್ಟರನ್ನು ಒಳಗೇನಿದೆ ನೋಡೋಣ ಅಂತ ಉಳಿಯಿಂದ ಬಿಡಿಸಲು ಹೋಗಬೇಡಿ. ಒಳಗಿನ ದೊಡ್ಡ ಸ್ಪ್ರಿಂಗ್ ಒತ್ತಿಕೊಂಡು ಕೂತಿರುತ್ತದೆ, ಮಡಿಕೆ ಬಿಟ್ಟ ಕ್ಷಣ ಮುಚ್ಚಳ ಮುಖಕ್ಕೆ ಹಾರುತ್ತದೆ. ಮೂತಿ ಕೆಳಗೆ ಮಾಡಿ ಒಂದು ಡಬ್ಬಿಯ ಮೇಲೆ ರಾತ್ರಿಯಿಡೀ ಇಟ್ಟು, ಒಳಗಿನ ಆಯಿಲ್ ಬಸಿದ ಮೇಲೆ ಗುಜರಿಗೆ ಹಾಕಿ.